ಅಡುಗೆಮನೆಗೆ ಎಷ್ಟಾಯ್ತು?

ಗೃಹಪ್ರವೇಶಕ್ಕೆ ಬಂದವರು ದೇವರಮನೆಗೆ ಕೈಮುಗಿದು ನೇರವಾಗಿ ನುಗ್ಗುವುದು ಅಡುಗೆಮನೆಗೆ. ಒಂದೆರಡು ಡ್ರಾಯರ್ ಎಳೆಯುತ್ತಾರೆ, ಅದು ಸದ್ದಿಲ್ಲದೆ ತಾನೇ ಮುಚ್ಚಿಕೊಳ್ಳುವುದನ್ನು ನೋಡುತ್ತಾರೆ, ಶಟರ್ ಮೇಲೆ ಬೆರಳಾಡಿಸುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟಾಯ್ತು?’

ನಾನೂ ಹತ್ತಾರು ಮನೆಗಳಲ್ಲಿ ಹಾಗೆ ಕೇಳಿದ್ದೇನೆ. ಒಬ್ಬರು ಒಂದೂವರೆ ಲಕ್ಷ ಎಂದರು. ಅದೇ ಅಪಾರ್ಟ್‌ಮೆಂಟಿನಲ್ಲಿ, ಅದೇ ಅಳತೆಯ ಅಡುಗೆಮನೆಗೆ ಇನ್ನೊಬ್ಬರು ಮೂರೂವರೆ ಎಂದರು. ಮೊದಲನೆಯವರು ಜಾಣರು, ಎರಡನೆಯವರು ಟೋಪಿ ಹಾಕಿಸಿಕೊಂಡರು ಎಂದುಕೊಂಡು ಬಂದಿದ್ದೆ. ನಮ್ಮನೆಗೆ ಮಾಡಿಸುವಾಗಲೇ ತಿಳಿದದ್ದು, ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವುದೆಂದರೆ ಅಕ್ಕಿಯ ಬೆಲೆಯನ್ನೂ ಬಿಸಿಬೇಳೆಬಾತಿನ ಬೆಲೆಯನ್ನೂ ತೂಗಿ ನೋಡಿದ ಹಾಗೆ.

ಮೂರು ಕೊಟೇಶನ್, ಮೂರು ಅಡುಗೆಮನೆ

ನಮ್ಮದು ಬೆಂಗಳೂರಿನ ಕೆಂಗೇರಿ ಕಡೆಯ ಫ್ಲ್ಯಾಟ್. ಅಡುಗೆಮನೆ ‘ಎಲ್’ ಆಕಾರದ್ದು. ಒಂದು ಗೋಡೆ 10 ಅಡಿ, ಇನ್ನೊಂದು 8 ಅಡಿ. ಮೂವರನ್ನು ಕರೆಸಿದೆವು. ಪರಿಚಯದ ಬಡಗಿ 1,85,000 ರೂಪಾಯಿ ಎಂದರು. ಸಣ್ಣ ಫ್ಯಾಕ್ಟರಿ ಇಟ್ಟುಕೊಂಡವರೊಬ್ಬರು 2,60,000 ಎಂದರು. ಷೋರೂಮಿನವರು ಕಾಫಿ ಕೊಟ್ಟರು, ಕಂಪ್ಯೂಟರಿನಲ್ಲಿ ನಮ್ಮ ಅಡುಗೆಮನೆಯನ್ನು ತಿರುಗಿಸಿ ತಿರುಗಿಸಿ ತೋರಿಸಿದರು, 4,25,000ದ ಬೆಲೆಯನ್ನು ‘ನಿಮಗೋಸ್ಕರ’ 3,40,000ಕ್ಕೆ ಇಳಿಸಿದರು.

ಮನೆಗೆ ಬಂದು ಮೂರೂ ಕಾಗದಗಳನ್ನು ಊಟದ ಮೇಜಿನ ಮೇಲೆ ಹರವಿಕೊಂಡು ಕೂತೆವು. ಬಡಗಿಯ ಲೆಕ್ಕದಲ್ಲಿ ಡ್ರಾಯರ್ ಒಂದೂ ಇರಲಿಲ್ಲ, ಬರೀ ಶಟರ್. ಜಿಎಸ್‌ಟಿಯ ಮಾತೂ ಇರಲಿಲ್ಲ. ಫ್ಯಾಕ್ಟರಿಯವರದರಲ್ಲಿ ಡ್ರಾಯರ್ ಇತ್ತು, ಗ್ರಾನೈಟ್ ಇರಲಿಲ್ಲ. ಷೋರೂಮಿನದರಲ್ಲಿ ಕಲ್ಲು, ಚಿಮಣಿ, ಹಾಬ್ (ಕಟ್ಟೆಯ ಕಲ್ಲಿನಲ್ಲೇ ಕೂರಿಸುವ ಒಲೆ) ಎಲ್ಲವೂ ಇತ್ತು. ಆದರೆ ಸಣ್ಣ ಅಕ್ಷರದಲ್ಲಿ, ಡಬ್ಬಗಳು ಪ್ಲೈವುಡ್ಡಿನವಲ್ಲ, ಪಾರ್ಟಿಕಲ್ ಬೋರ್ಡಿನವು ಎಂದಿತ್ತು. ಮೂವರೂ ಸುಳ್ಳು ಹೇಳಿರಲಿಲ್ಲ. ಒಬ್ಬೊಬ್ಬರು ಒಂದೊಂದು ಅಡುಗೆಮನೆಗೆ ಬೆಲೆ ಹೇಳಿದ್ದರು, ಅಷ್ಟೆ.

ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ನಮಗೆ ಬೇಕಾದದ್ದನ್ನು ನಾವೇ ಬರೆದೆವು. ಎಷ್ಟು ಡಬ್ಬ, ಯಾವುದಕ್ಕೆ ಶಟರ್, ಯಾವುದಕ್ಕೆ ಡ್ರಾಯರ್, ಯಾವ ಪ್ಲೈ, ಎಷ್ಟು ದಪ್ಪ, ಯಾವ ಹಿಂಜ್, ಯಾವ ಕಲ್ಲು. ಚಿಮಣಿ, ಹಾಬ್ ನಾವೇ ತರುತ್ತೇವೆ ಎಂದೂ ಸೇರಿಸಿ, ಜೆರಾಕ್ಸ್ ಮಾಡಿಸಿ ಮೂವರಿಗೂ ಕೊಟ್ಟು, ತೆರಿಗೆ ಸೇರಿಸಿ ಬೆಲೆ ಹೇಳಿ ಎಂದೆವು. ಈ ಸಲ ಬಂದದ್ದು 2,36,000, 2,48,000 ಮತ್ತು 2,90,000. ಒಂದೂವರೆ ಲಕ್ಷ ದಾಟಿದ್ದ ಅಂತರ 54 ಸಾವಿರಕ್ಕೆ ಇಳಿಯಿತು. ಒಂದು ರೂಪಾಯಿಯ ಚೌಕಾಶಿಯೂ ಆಗಿರಲಿಲ್ಲ. ನ್ಯಾಯವಾದ ಬೆಲೆ ಎಂದರೆ ಅತಿ ಕಡಿಮೆ ಬೆಲೆಯಲ್ಲ, ಯಾವುದಕ್ಕೆ ಎಷ್ಟು ಎಂದು ನಮಗೆ ಗೊತ್ತಿರುವ ಬೆಲೆ. ಅದಕ್ಕೆ ಬೇಕಾದದ್ದು ಒಂದು ಹಾಳೆ. ಅದರಲ್ಲಿ ಏನೇನಿರಬೇಕು ಎಂಬುದೇ ಈ ಲೇಖನ.

ಟೇಪಿನ ಲೆಕ್ಕ

ಎಲ್ಲರೂ ಮೊದಲು ಕೇಳುವುದು ‘ಸ್ಕ್ವೇರ್ ಫೀಟಿಗೆ ಎಷ್ಟು?’ ಎಂದು. ಕೇಳಬೇಕಾದದ್ದು ‘ಎಲ್ಲಿಂದ ಎಲ್ಲಿಗೆ ಅಳೆಯುತ್ತೀರಿ?’ ಎಂದು.

ನಮ್ಮ ಅಡುಗೆಮನೆಯನ್ನೇ ತೆಗೆದುಕೊಳ್ಳಿ. 10 ಮತ್ತು 8 ಕೂಡಿದರೆ 18 ಅಡಿ. ಆದರೆ ಕಟ್ಟೆಯ ಕೆಳಗಿನ ಡಬ್ಬ 2 ಅಡಿ ಆಳ ಇರುವುದರಿಂದ ಮೂಲೆಯ 2 ಅಡಿ ಎರಡೂ ಗೋಡೆಗೆ ಲೆಕ್ಕವಾಗಿಬಿಡುತ್ತದೆ. ನಿಜವಾಗಿ ಇರುವುದು 16 ಅಡಿ. ಎತ್ತರವೂ ಹಾಗೆಯೇ. ನೆಲದಿಂದ ಕಲ್ಲಿನ ತಳದವರೆಗೆ 32 ಇಂಚು, ಅದರಲ್ಲಿ ಕೆಳಗಿನ 4 ಇಂಚು ಬರೀ ಸ್ಕರ್ಟಿಂಗ್ ಪಟ್ಟಿ, ಡಬ್ಬ ಇರುವುದು 28 ಇಂಚು. ಒಬ್ಬರು 18 ಅಡಿಯನ್ನು 32 ಇಂಚಿಗೆ ಗುಣಿಸಿ 48 ಚದರ ಅಡಿ ಎನ್ನುತ್ತಾರೆ. ಇನ್ನೊಬ್ಬರು 16 ಅಡಿಯನ್ನು 28 ಇಂಚಿಗೆ ಗುಣಿಸಿ 37 ಚಿಲ್ಲರೆ ಎನ್ನುತ್ತಾರೆ. ಮೊದಲನೆಯವರ ದರ ಚದರ ಅಡಿಗೆ 1,500, ಎರಡನೆಯವರದು 1,800 ಎಂದಿಟ್ಟುಕೊಳ್ಳಿ. ಅಗ್ಗ ಎಂದು ನೀವು ಮೊದಲನೆಯವರ ಹತ್ತಿರ ಹೋದರೆ ಬಿಲ್ 72,000. ದುಬಾರಿಯವರ ಬಿಲ್ 67 ಸಾವಿರ ಚಿಲ್ಲರೆ!

ಮೂಲೆಯ ಡಬ್ಬಕ್ಕೆ ಮರ ಹೆಚ್ಚು ಹಿಡಿಯುವುದು ನಿಜ. ಅದಕ್ಕೆ ಸ್ವಲ್ಪ ಹೆಚ್ಚು ಕೇಳಿದರೆ ತಪ್ಪಲ್ಲ, ಆದರೆ ಅದು ಬೇರೆ ಸಾಲಾಗಿ ಕಾಗದದ ಮೇಲೆ ಕಾಣಬೇಕು. ಮೇಲಿನ ಡಬ್ಬಗಳಲ್ಲಿ ಚಿಮಣಿಯ ಜಾಗ, ಕಿಟಕಿಯ ಜಾಗ ಕಳೆದಿದ್ದಾರೆಯೇ ನೋಡಿ. ಸಿಮೆಂಟಿನ ಅಟ್ಟ ಮೊದಲೇ ಇದ್ದರೆ ಅಲ್ಲಿಗೆ ಬೇಕಾದದ್ದು ಚೌಕಟ್ಟು ಮತ್ತು ಬಾಗಿಲು ಮಾತ್ರ. ಅದಕ್ಕೂ ಪೂರ್ತಿ ಡಬ್ಬದ ದರ ಹಾಕುವವರಿದ್ದಾರೆ.

ಒಂದು ಡಬ್ಬದ ಜಾತಕ

‘8x4ರ ಪ್ಲೈ ಚದರ ಅಡಿಗೆ ನೂರು ಚಿಲ್ಲರೆಗೆ ಸಿಗುವಾಗ ನೀವು 1,500 ಯಾಕೆ ಕೇಳ್ತೀರಿ?’ ಎಂದು ನಾನೂ ಜಗಳಕ್ಕೆ ನಿಂತಿದ್ದೆ. ಬಡಗಿ ಒಂದು ಡಬ್ಬವನ್ನು ಬಿಡಿಸಿ ತೋರಿಸಿದರು. 2 ಅಡಿ ಅಗಲದ ಕೆಳಗಿನ ಡಬ್ಬದ ಮುಖ ಸುಮಾರು 4.7 ಚದರ ಅಡಿ ಮಾತ್ರ. ಆದರೆ ಅದರ ಎರಡು ಪಕ್ಕ, ತಳ, ಒಂದು ಹಲಗೆ, ಮೇಲಿನ ಪಟ್ಟಿಗಳು, ಶಟರ್ ಎಲ್ಲ ಸೇರಿದರೆ ಸುಮಾರು 21 ಚದರ ಅಡಿ ದಪ್ಪ ಪ್ಲೈ ಬೇಕು. ಬೆನ್ನಿಗೆ ತೆಳು ಪ್ಲೈ ಬೇರೆ. ಹೊರಗೆ ಲ್ಯಾಮಿನೇಟ್, ಒಳಗೆ ಲೈನರ್, ಅಂಚಿಗೆ ಪಟ್ಟಿ, ಅಂಟು, ಕೂಲಿ. 32 ಚದರ ಅಡಿಯ ಹಾಳೆಯಲ್ಲಿ ಮೂರನೇ ಎರಡು ಭಾಗವನ್ನು ಒಂದೇ ಡಬ್ಬ ನುಂಗುತ್ತದೆ.

ಇದೇ ಲೆಕ್ಕದಿಂದ ಎರಡು ಉಪಾಯ ಹೊಳೆಯುತ್ತವೆ. ಒಂದು, ಡಬ್ಬಗಳ ಸಂಖ್ಯೆ ಕಡಿಮೆ ಮಾಡಿ. ಒಂದೂವರೆ ಅಡಿಯ ಎರಡು ಡಬ್ಬಗಳ ಬದಲು 3 ಅಡಿಯದು ಒಂದೇ ಇದ್ದರೆ ನಡುವಿನ ಎರಡು ಪಕ್ಕಗಳು ಉಳಿತಾಯವಾಗುತ್ತವೆ. ಇನ್ನೊಂದು, ಸಿದ್ಧ ಅಳತೆಗೆ ಒಗ್ಗಿಕೊಳ್ಳಿ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ವಸತಿ ಯೋಜನೆಗೆ ವಾಸ್ತುಶಿಲ್ಪಿ ಮಾರ್ಗರೆಟ್ ಶುಟ್ಟೆ-ಲಿಹೋಟ್ಸ್ಕಿ ರೂಪಿಸಿದ ಪುಟ್ಟ ಅಡುಗೆಮನೆಯನ್ನೇ ಇವತ್ತಿನ ಮಾಡ್ಯುಲರ್ ಕಿಚನ್ನಿನ ಮೂಲ ಎನ್ನುತ್ತಾರೆ. ಒಂದೇ ಅಳತೆಯದನ್ನು ಸಾವಿರಾರು ಮನೆಗೆ ಮಾಡಿದರೆ ಖರ್ಚು ಇಳಿಯುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. 450, 600, 900 ಮಿಲಿಮೀಟರಿನ ಡಬ್ಬ ಫ್ಯಾಕ್ಟರಿಗೆ ಸಲೀಸು. 530 ಎಂದಿರೋ, ಪ್ರತ್ಯೇಕ ದರ. ಉಳಿದ ಸಂದಿಗೆ ಫಿಲ್ಲರ್ ಪಟ್ಟಿ ಹೊಡೆದರಾಯಿತು.

ಶಟರ್ ಮತ್ತು ಡ್ರಾಯರ್ ನಡುವಿನ ವ್ಯತ್ಯಾಸವನ್ನಂತೂ ಚದರ ಅಡಿಯ ದರ ಪೂರ್ತಿ ಮುಚ್ಚಿಡುತ್ತದೆ. ಶಟರಿಗೆ ಎರಡು ಹಿಂಜ್ ಸಾಕು. ಅದೇ ಮುಖದಲ್ಲಿ ಮೂರು ಡ್ರಾಯರ್ ಬಂದರೆ ಮೂರು ಜೊತೆ ಚಾನೆಲ್ (ಡ್ರಾಯರ್ ಜಾರುವ ಹಳಿ), ಅದೂ ‘ಟ್ಯಾಂಡಮ್’ ಎಂಬ ದುಬಾರಿ ಬಗೆಯದಾದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಆದ್ದರಿಂದ ಮರದ ಕೆಲಸ ಒಂದು ಸಾಲು, ಹಾರ್ಡ್‌ವೇರ್ ಇನ್ನೊಂದು ಸಾಲು, ಹೀಗೆ ಬೇರೆ ಬೇರೆ ಬರೆಸಿಕೊಳ್ಳಿ.

ಪ್ಲೈವುಡ್ ಕುದಿಸಿದ್ದು

‘ವಾಟರ್‌ಪ್ರೂಫ್ ಸಾರ್’ ಎಂಬ ಮಾತಿಗೆ ಬೆಲೆಯಿಲ್ಲ, ಸಂಖ್ಯೆಗೆ ಬೆಲೆಯಿದೆ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ನ ಮಾನದಂಡ. ಅದರಲ್ಲಿ ಎಂಆರ್ ಎಂಬ ದರ್ಜೆ ತೇವವನ್ನಷ್ಟೇ ತಡೆಯುತ್ತದೆ, ಬಿಡಬ್ಲ್ಯೂಆರ್ ನೀರನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಐಎಸ್ 710 ಮರೀನ್ ದರ್ಜೆ. 72 ಗಂಟೆ ಕುದಿಸಿದರೂ ಅದರ ಅಂಟು ಬಿಡಬಾರದು ಎಂಬುದು ಅದರ ಪರೀಕ್ಷೆ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋದಾಗ ಎರಡು ಅಂಗಡಿಯಿಂದ ಅಂಗೈಯಗಲದ ಚೂರು ಕೇಳಿ ತಂದೆ. ಕೇಳಿದರೆ ಕೊಡುತ್ತಾರೆ, ಕೊಡದವರಲ್ಲಿ ಕೊಳ್ಳಬೇಡಿ. ಬಿಸಾಡಬೇಕೆಂದಿದ್ದ ಹಳೇ ಪಾತ್ರೆಯಲ್ಲಿ ಎರಡನ್ನೂ ಹಾಕಿ, ಕಿಟಕಿ ತೆರೆದಿಟ್ಟು, ನಾಲ್ಕು ಗಂಟೆ ಕುದಿಸಿದೆ. ಮನೆಯೆಲ್ಲ ಅಂಟಿನ ವಾಸನೆ. ಒಂದು ಚೂರು ಬಣ್ಣ ಬಿಟ್ಟು ಗಟ್ಟಿಯಾಗಿಯೇ ಇತ್ತು. ಇನ್ನೊಂದು ಚಿರೋಟಿಯಂತೆ ಪದರ ಪದರವಾಗಿ ಉಬ್ಬಿತ್ತು. ಎರಡರ ಮೇಲೂ ‘710’ ಎಂದೇ ಅಚ್ಚಾಗಿತ್ತು!

ಅಚ್ಚನ್ನು ನಂಬುವ ಮೊದಲು ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆಗಿರುವ ‘ಸಿಎಂ/ಎಲ್’ ಸಂಖ್ಯೆಯನ್ನು ಮೊಬೈಲಿನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ. ಆ ಲೈಸೆನ್ಸ್ ಯಾವ ಕಂಪನಿಯದು, ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಬಿಲ್ಲಿನಲ್ಲಿಯೂ ‘ಪ್ಲೈವುಡ್’ ಎಂದಿದ್ದರೆ ಸಾಲದು, ‘18 ಎಂಎಂ, ಐಎಸ್ 710’ ಎಂದು, ಕಂಪನಿಯ ಹೆಸರಿನ ಸಮೇತ ಇರಬೇಕು.

ಹಾಗೆಂದು ಇಡೀ ಅಡುಗೆಮನೆಗೆ ಮರೀನ್ ಪ್ಲೈ ಬೇಕಿಲ್ಲ. ಸಿಂಕಿನ ಕೆಳಗೆ, ಅದರ ಅಕ್ಕಪಕ್ಕ ಬೇಕೇ ಬೇಕು. ಉಳಿದ ಕೆಳ ಡಬ್ಬಗಳಿಗೆ ಬಿಡಬ್ಲ್ಯೂಆರ್ ಸಾಕು. ಮೇಲಿನ ಡಬ್ಬ, ಅಟ್ಟದ ಬಾಗಿಲಿಗೆ ತೇವ ತಡೆಯುವ ಎಚ್‌ಡಿಎಚ್‌ಎಂಆರ್ ಬೋರ್ಡ್ ಕೂಡ ಆದೀತು. ಅದು ನುಣುಪು, ಶಟರ್ ಡೊಂಕಾಗುವುದು ಕಡಿಮೆ. ಬರೀ ಪಾರ್ಟಿಕಲ್ ಬೋರ್ಡ್ ಮಾತ್ರ ನಮ್ಮ ಅಡುಗೆಮನೆಗೆ ಒಗ್ಗದು. ದಿನಾ ನೀರು ಸುರಿದು ಕಟ್ಟೆ ತೊಳೆಯುವ ಮನೆಗಳು ನಮ್ಮವು.

ಸ್ಟೀಲು, ಕಲ್ಲು, ಮೇಲ್ಪದರ

ಹೆಟ್ಟಿಚ್, ಹಾಫೆಲೆ, ಎಬ್ಕೊ, ಬ್ಲಮ್ ಮುಂತಾದ ಹಿಂಜ್-ಚಾನೆಲ್ ಕಂಪನಿಗಳ ಹೆಸರು ಕೇಳಿದ ತಕ್ಷಣ ಸಮಾಧಾನಪಡಬೇಡಿ. ಒಂದೇ ಕಂಪನಿಯಲ್ಲಿ ಅಗ್ಗದ್ದೂ ಇದೆ, ದುಬಾರಿಯದೂ ಇದೆ. ಯಾವ ಸರಣಿ, ಸಾಫ್ಟ್ ಕ್ಲೋಸ್ ಹೌದೋ ಅಲ್ಲವೋ, ಚಾನೆಲ್ ಎಷ್ಟು ಕಿಲೋ ಭಾರ ಹೊರುತ್ತದೆ ಎಂದು ಬರೆಸಿ. ಕುಕ್ಕರು, ದೋಸೆಕಲ್ಲು, ಒಗ್ಗರಣೆ ಬಾಣಲೆ ಇಡುವ ಡ್ರಾಯರಿಗೂ ಚಮಚದ ಡ್ರಾಯರಿಗೂ ಒಂದೇ ಚಾನೆಲ್ ಹಾಕಿದರೆ ಮೊದಲನೆಯದು ವರ್ಷದೊಳಗೆ ಜೋಲುತ್ತದೆ.

ಸ್ಟೀಲ್ ಬುಟ್ಟಿಗಳಲ್ಲಿ 304 ಮತ್ತು 202 ಎಂಬ ಎರಡು ದರ್ಜೆ ಹೆಚ್ಚು ಓಡುತ್ತವೆ. 202ರಲ್ಲಿ ನಿಕ್ಕಲ್ ಕಡಿಮೆ, ಉಪ್ಪು-ಹುಳಿ ತಾಗುವಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಅಂಗಡಿಯವರು ಆಯಸ್ಕಾಂತ ಹಿಡಿದು ‘ನೋಡಿ, ಅಂಟಲ್ಲ’ ಎನ್ನುತ್ತಾರೆ. ಅದರಿಂದ ಏನೂ ಸಾಬೀತಾಗದು, ಎರಡೂ ಸಾಮಾನ್ಯವಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ ‘ಎಸ್‌ಎಸ್ 304’ ಎಂದು ಬರೆಸಿಕೊಳ್ಳುವುದೇ ಸುಲಭದ ದಾರಿ.

ಮೇಲ್ಪದರದಲ್ಲಿ 1 ಎಂಎಂ ಲ್ಯಾಮಿನೇಟ್ ನಮ್ಮ ಬಳಕೆಗೆ ಧಾರಾಳ ಸಾಕು. ಅಕ್ರಿಲಿಕ್ ಹೊಳೆಯುತ್ತದೆ, ಬೆರಳಚ್ಚನ್ನೂ ಗೀರನ್ನೂ ಅಷ್ಟೇ ಹೊಳಪಾಗಿ ತೋರಿಸುತ್ತದೆ. ಅದೇ ಡಬ್ಬಕ್ಕೆ ಬೆಲೆ ಏರಿಸುವುದು ಹೆಚ್ಚಾಗಿ ಈ ಮೇಲ್ಪದರವೇ.

ಕಲ್ಲನ್ನು ಕಿಚನ್ ಕಂಪನಿಯಿಂದಲೇ ತರಿಸಬೇಕೆಂದಿಲ್ಲ. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪುಕಲ್ಲು ಎಲ್ಲಿಗೆಲ್ಲ ರಫ್ತಾಗುವ ನಾಡು ನಮ್ಮದು. ಬೆಂಗಳೂರಿನವರಿಗೆ ಜಿಗಣಿಯಲ್ಲಿ ಸಾಲು ಸಾಲು ಗ್ರಾನೈಟ್ ಯಾರ್ಡುಗಳಿವೆ. ಆದರೆ ಕಲ್ಲಿಗೆ ಚದರ ಅಡಿಯ ದರ ಕೇಳಿ ಹಿಗ್ಗಬೇಡಿ. ಅಂಚಿನ ಪಾಲಿಶ್ ಉದ್ದದ ಅಡಿಗೆ ಇಷ್ಟು, ಸಿಂಕಿನ ತೂತಿಗೆ ಇಷ್ಟು, ಹಾಬಿನ ತೂತಿಗೆ ಇಷ್ಟು, ಸಾಗಣೆ, ಕೂರಿಸುವ ಕೂಲಿ ಎಲ್ಲ ಸೇರಿದ ಮೇಲೆ ಬರುವುದೇ ನಿಜವಾದ ಬೆಲೆ. ಕ್ವಾರ್ಟ್ಜ್ ಚೆಂದವೇನೋ ಹೌದು, ಆದರೆ ಅದರಲ್ಲಿ ರಾಳ ಇರುವುದರಿಂದ ಒಲೆಯಿಂದಿಳಿಸಿದ ಪಾತ್ರೆಯನ್ನು ನೇರ ಇಟ್ಟರೆ ಕಲೆ ಉಳಿದೀತು. ಕರಿ ಗ್ರಾನೈಟಿಗೆ ಅರಿಶಿನದ ಹೆದರಿಕೆಯೂ ಇಲ್ಲ, ಬಿಸಿಯ ಹೆದರಿಕೆಯೂ ಇಲ್ಲ.

ರಿಯಾಯಿತಿ ಕೇಳಬೇಡಿ, ಸಾಲು ಅಳಿಸಿ

‘ಸ್ವಲ್ಪ ನೋಡಿ ಮಾಡಿ’ ಎಂದರೆ ಯಾರಾದರೂ ಎರಡು-ಮೂರು ಸಾವಿರ ಬಿಡುತ್ತಾರೆ. ಅದನ್ನು ನಮಗೆ ಕಾಣದ ಕಡೆ ವಸೂಲು ಮಾಡುವುದೂ ಅವರಿಗೆ ಗೊತ್ತು. 18 ಎಂಎಂ ಪ್ಲೈ 16 ಆದೀತು, 1 ಎಂಎಂ ಲ್ಯಾಮಿನೇಟ್ 0.8 ಆದೀತು. ಅದಕ್ಕಿಂತ, ಪಟ್ಟಿಯಲ್ಲಿ ಬೇಡವಾದ ಸಾಲನ್ನು ಹೊಡೆದುಹಾಕಿ. ಮೂಲೆಯಿಂದ ತಿರುಗಿ ಹೊರಬರುವ ‘ಮ್ಯಾಜಿಕ್ ಕಾರ್ನರ್’ ನೋಡಲು ಮೋಜು, ಆದರೆ ಹಬ್ಬಕ್ಕೊಮ್ಮೆ ತೆಗೆಯುವ ಕೊಪ್ಪರಿಗೆ ಇಡಲು ಸಾದಾ ಹಲಗೆ ಸಾಲದೇ? ಗಾಜಿನ ಶಟರ್, ಒಳದೀಪ, ಮೇಲಕ್ಕೆ ಎತ್ತುವ ಬಾಗಿಲು ಎಲ್ಲಕ್ಕೂ ಇದೇ ಪ್ರಶ್ನೆ. ನಾವು ಫ್ಯಾಕ್ಟರಿಯವರನ್ನು ಆಯ್ದುಕೊಂಡೆವು. ಅಂಚಿನ ಪಟ್ಟಿಯನ್ನು ಯಂತ್ರದಲ್ಲಿ ಒತ್ತುತ್ತಾರೆ ಎಂಬುದೇ ಬಡಗಿಗಿಂತ 12 ಸಾವಿರ ಹೆಚ್ಚು ಕೊಡಲು ಕಾರಣ. ಮ್ಯಾಜಿಕ್ ಕಾರ್ನರ್ ತೆಗೆಸಿ, ನಾಲ್ಕು ಕಿರಿದಾದ ಡಬ್ಬಗಳನ್ನು ಎರಡಾಗಿಸಿ 2,48,000ವನ್ನು 2,29,000ಕ್ಕೆ ತಂದೆವು. ಅವರ ಲಾಭಕ್ಕೆ ನಾವು ಕೈ ಹಾಕಲಿಲ್ಲ, ಅವರು ನಮ್ಮ ಪ್ಲೈಗೆ ಕೈ ಹಾಕಲಿಲ್ಲ.

‘ಚಿಮಣಿ ಫ್ರೀ’ ಎಂದರೆ ‘ಚಿಮಣಿ ಬೇಡ, ಎಷ್ಟು ಕಡಿಮೆ ಮಾಡ್ತೀರಿ?’ ಎಂದು ಕೇಳಿ. ಉತ್ತರದಲ್ಲಿ ಅದರ ಅಸಲಿ ಬೆಲೆ ಬರುತ್ತದೆ. ಅದೇ ಮಾದರಿಗೆ ಹೊರಗಿನ ಅಂಗಡಿಯ ಬೆಲೆ ನೋಡಿ ತೀರ್ಮಾನಿಸಿ.

ಕಾಲವೂ ಒಂದು ಲೆಕ್ಕವೇ. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಆದ್ದರಿಂದ ಕೆಲಸದವರ ಕೈ ಖಾಲಿ. ಆಗ ಮಾತಿಗೆ ಕೂತರೆ ದರವೂ ಮೆದು, ಕೆಲಸಕ್ಕೂ ಗಮನ. ವೈಶಾಖದ ಮುಹೂರ್ತಕ್ಕೆ ಮೂರು ವಾರವಿದೆ ಎನ್ನುವಾಗ ಹೋದರೆ ಅವರು ಹೇಳಿದ್ದೇ ಬೆಲೆ. ಎಷ್ಟೇ ಪರಿಚಯದವರಿರಲಿ, ದರ ಕುದುರುವ ತನಕ ಗೃಹಪ್ರವೇಶದ ದಿನಾಂಕ ಬಾಯಿ ಬಿಡಬೇಡಿ.

ದುಡ್ಡು, ಬಿಲ್ಲು

ಅಡುಗೆಮನೆಯ ಮರಗೆಲಸಕ್ಕೆ ಜಿಎಸ್‌ಟಿ ಶೇ 18. ಎರಡು ಲಕ್ಷಕ್ಕೆ 36 ಸಾವಿರ. ಹಾಗಾಗಿ ‘ತೆರಿಗೆ ಸೇರಿಯೋ, ಬಿಟ್ಟೋ’ ಎಂಬುದು ಮೊದಲ ದಿನದ ಪ್ರಶ್ನೆಯಾಗಬೇಕು. ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ’ ಎಂಬ ಮಾತು ಬಂದೇ ಬರುತ್ತದೆ. ಆಗ ಉಳಿಯುವುದು ತೆರಿಗೆ, ಹೋಗುವುದು ಹಕ್ಕು. ಕೈಯಲ್ಲಿ ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ.

ಹಣವನ್ನು ಕೆಲಸದ ಬೆನ್ನಿಗೆ ಕೊಡಿ, ಕೆಲಸಕ್ಕಿಂತ ಮುಂದೆ ಓಡಿಸಬೇಡಿ. ಅಳತೆಯ ನಕ್ಷೆಗೆ ಸಹಿ ಹಾಕುವಾಗ ಶೇ 10, ಪ್ಲೈ ಕತ್ತರಿಸುವಾಗ ಶೇ 40, ಡಬ್ಬಗಳು ಮನೆಗೆ ಬಂದಾಗ ಶೇ 40, ಎಲ್ಲ ಕೂರಿಸಿ ಎರಡು ವಾರ ಬಳಸಿದ ಮೇಲೆ ಉಳಿದ ಶೇ 10. ದೊಡ್ಡ ಕಂಪನಿಗಳು ಮಾಲು ಹೊರಡುವ ಮೊದಲೇ ಪೂರ್ತಿ ಕೇಳುವುದುಂಟು. ಆಗಲೂ ಕೊನೆಯ ಒಂದು ಪಾಲನ್ನಾದರೂ ಹಿಡಿದಿಡಲು ವಾದಿಸಿ. ಕೊನೆಯ ಹಿಡಿಕೆ, ಕೊನೆಯ ಸ್ಕರ್ಟಿಂಗ್ ಪಟ್ಟಿ ಬರುವುದು ಆ ಹಣದ ಹಿಂದೆಯೇ.

ಸಹಿಗೆ ಮುನ್ನ ಹಾಳೆಯಲ್ಲಿರಬೇಕಾದದ್ದು

- ಪ್ರತಿ ಡಬ್ಬದ ಅಗಲ, ಎತ್ತರ, ಆಳ, ಶಟರೋ, ಡ್ರಾಯರೋ
- ಅಳತೆಯ ಕ್ರಮ: ಮೂಲೆ, ಸ್ಕರ್ಟಿಂಗ್, ಚಿಮಣಿ ಜಾಗ ಸೇರಿದೆಯೇ
- ಪ್ಲೈ: ಕಂಪನಿ, ಐಎಸ್ ಸಂಖ್ಯೆ, ದಪ್ಪ, ಬೆನ್ನ ಹಲಗೆಯ ದಪ್ಪವೂ
- ಲ್ಯಾಮಿನೇಟ್: ಕಂಪನಿ, ದಪ್ಪ, ಬಣ್ಣದ ಸಂಖ್ಯೆ, ಒಳಗಿನ ಲೈನರ್
- ಹಿಂಜ್, ಚಾನೆಲ್, ಬುಟ್ಟಿ: ಸರಣಿ, ಸಂಖ್ಯೆ, ದರ್ಜೆ
- ಹಿಡಿಕೆ, ಫಿಲ್ಲರ್, ಕಾಣುವ ಪಕ್ಕದ ಹಲಗೆ, ಚಮಚದ ತಟ್ಟೆ ಲೆಕ್ಕದಲ್ಲಿವೆಯೇ
- ಹಳೆಯದನ್ನು ಕೀಳುವುದು, ನಲ್ಲಿ, ವೈರಿಂಗ್, ಟೈಲ್ಸ್, ಕಸ ಸಾಗಿಸುವುದು ಯಾರ ಪಾಲಿಗೆ
- ಸಿಲಿಂಡರ್ ಇಡುವ ಡಬ್ಬಕ್ಕೆ ತಳದಲ್ಲಿ ಗಾಳಿಕಂಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ
- ಮುಗಿಸುವ ದಿನಾಂಕ, ತಡವಾದರೆ ವಾರಕ್ಕೆ ಎಷ್ಟು ಕಡಿತ
- ವಾರಂಟಿ ಯಾವುದಕ್ಕೆ, ಎಷ್ಟು ವರ್ಷ
- ತೆರಿಗೆ ಸೇರಿದ ಒಟ್ಟು ಮೊತ್ತ

ಇಷ್ಟೆಲ್ಲ ಬರೆದ ನಮ್ಮ ಹಾಳೆಯಲ್ಲೂ ಒಂದು ಸಾಲು ಬಿಟ್ಟುಹೋಗಿತ್ತು. ಸಿಂಕಿನ ಪೈಪಿಗೆ ಬೆನ್ನ ಹಲಗೆಯಲ್ಲಿ ತೂತು ಕೊರೆದವರು ಆ ಹಸಿ ಅಂಚಿಗೆ ಏನನ್ನೂ ಬಳಿದಿರಲಿಲ್ಲ. ಮೊದಲ ಮಳೆಗಾಲದಲ್ಲೇ ತೂತಿನ ಸುತ್ತ ಪ್ಲೈ ಉಬ್ಬಿತು. ಕೇಳಿದರೆ ‘ಅದು ನಿಮ್ಮ ಪಟ್ಟಿಯಲ್ಲಿ ಇರಲಿಲ್ಲವಲ್ಲ’ ಎಂದರು. ನಿಜವೇ. ಆ ಹಾಳೆ ಈಗ ಸಿಂಕಿನ ಕೆಳಗಿನ ಶಟರಿನ ಒಳಮೈಗೆ ಅಂಟಿಕೊಂಡಿದೆ. ಕೊನೆಯಲ್ಲಿ ಕೆಂಪು ಪೆನ್ನಿನ ಸಾಲೊಂದು ಸೇರಿದೆ: ‘ಕೊರೆದ ಪ್ರತಿ ತೂತಿಗೂ ಸಿಲಿಕೋನ್.’ ಮನೆಗೆ ಬಂದವರು ಡ್ರಾಯರ್ ಎಳೆದು ‘ಎಷ್ಟಾಯ್ತು?’ ಎಂದಾಗ ನಾನು ಅಂಕಿ ಹೇಳುವುದಿಲ್ಲ. ಆ ಶಟರ್ ತೆಗೆದು, ‘ಫೋನಿನಲ್ಲಿ ಫೋಟೊ ಹೊಡ್ಕೊಳ್ಳಿ’ ಎನ್ನುತ್ತೇನೆ.